ನಮ್ಮ ಹೆಸರಿನ ಬೈಗುಳ

ಕ್ಷಮೆ ಸಿಕ್ಕಿದ್ದು ಚುನಾವಣೆಗೆ ನಿಂತಿದ್ದ ಲಿಸ್ಬೆಟ್ ವಾಂಗ್‌ಗೆ. ಬೈಸಿಕೊಂಡವರು ನಾವು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರಚಾರದ ಆ ಮೂರು ವಾರ ಪೇಪರಿನಲ್ಲಾಗಲಿ, ಟಿವಿಯಲ್ಲಾಗಲಿ, ನಮ್ಮ ಮೀನಿನ ಕಾರ್ಖಾನೆಯ ಊಟದ ಕೋಣೆಯಲ್ಲಾಗಲಿ ಇದನ್ನು ಬೇರೆ ಒಬ್ಬರೂ ಹೇಳಲಿಲ್ಲ.

ನನ್ನ ಹೆಸರು ತಬಿಟಾ. ವಯಸ್ಸು ಐವತ್ಮೂರು. ಹುಟ್ಟಿದ್ದು ಡೆನ್ಮಾರ್ಕಿನ ಆಳ್ವಿಕೆಗೆ ಸೇರಿದ ಗ್ರೀನ್‌ಲ್ಯಾಂಡಿನಲ್ಲಿ. ಡೆನ್ಮಾರ್ಕಿನ ಉತ್ತರ ತುದಿಯ ಈ ಬಂದರಿಗೆ ಬಂದು ಇಪ್ಪತ್ತೆರಡು ವರ್ಷವಾಯಿತು. ಬಂದ ಮೂರನೇ ದಿನದಿಂದ ಮೀನು ಸೀಳುತ್ತಿದ್ದೇನೆ. ಬೆಳಿಗ್ಗೆ ಐದಕ್ಕೆ ಬಿಳಿ ಬೂಟು, ತಲೆಗೆ ಬಲೆ, ಒಂದರ ಮೇಲೊಂದು ಎರಡು ಜೊತೆ ಕೈಗವಸು. ಬೆಲ್ಟಿನ ಮೇಲೆ ಕಾಡ್ ಎಂಬ ದೊಡ್ಡ ಮೀನು ಬರುತ್ತದೆ. ಕಿವಿರಿನ ಹಿಂದೆ ಚಾಕು ಇಳಿಸಬೇಕು, ಬೆನ್ನೆಲುಬಿನ ಗುಂಟ ಎಳೆಯಬೇಕು, ಮೀನು ತಿರುಗಿಸಬೇಕು, ಮತ್ತೆ ಎಳೆಯಬೇಕು. ಮಂಜುಗಡ್ಡೆಯ ನೀರು ಕೈಗವಸಿನೊಳಗೆ ಇಳಿದು ನಿಲ್ಲುತ್ತದೆ. ಹತ್ತು ಗಂಟೆಯ ಹೊತ್ತಿಗೆ ಬೆರಳು ಇದೆಯೋ ಹೋಯಿತೋ ತಿಳಿಯುವುದಿಲ್ಲ. ಬಲಭುಜ ನನ್ನ ಮಾತು ಕೇಳುವುದನ್ನು ಬಿಟ್ಟು ಆರು ವರ್ಷವಾಯಿತು. ನಾನು ಕುಡಿಯುವುದಿಲ್ಲ. ಇದನ್ನು ಹೇಳಬೇಕಾಗಿ ಬಂತಲ್ಲ, ಅದಕ್ಕೇ ನನಗೆ ಸಿಟ್ಟು. ನನ್ನ ಪಕ್ಕ ನಿಂತು ಮೀನು ಸೀಳುವ ಯೂಟಾ ಡೆನ್ಮಾರ್ಕಿನವಳು. ಅವಳು ಕುಡಿಯುತ್ತಾಳೋ ಇಲ್ಲವೋ ಎಂದು ಯಾರೂ ಯಾವತ್ತೂ ಕೇಳಿಲ್ಲ.

ಚುನಾವಣೆ ಘೋಷಣೆಯಾದ ಮಧ್ಯಾಹ್ನವೇ ದೀಪದ ಕಂಬಗಳಿಗೆಲ್ಲ ಮುಖಗಳು ನೇತುಬಿದ್ದವು. ಎಲ್ಲರೂ ಒಂದೇ ದಂತವೈದ್ಯನ ಹತ್ತಿರ ಹೋಗಿ ಬಂದವರ ಹಾಗೆ ಹಲ್ಲು ತೋರಿಸುತ್ತಿದ್ದರು. ನಮ್ಮ ಕಡೆ ದೊಡ್ಡ ಮುಖಗಳು ಎರಡು. ಒಂದು ಪ್ರೆಬೆನ್ ಯೋರ್ಟ್. ಎಂಟು ವರ್ಷದಿಂದ ಊರಿನ ಪುರಸಭೆಯಲ್ಲಿ ಮಕ್ಕಳ ಕಮಿಟಿಯ ಅಧ್ಯಕ್ಷ. ಇನ್ನೊಂದು ಲಿಸ್ಬೆಟ್. ಹಿಂದೆ ಹೆಡ್‌ಮಿಸ್ಟ್ರೆಸ್ ಆಗಿದ್ದವಳು, ಈಗಲೂ ಎದುರಿಗಿದ್ದವರನ್ನೆಲ್ಲ ನಾಲ್ಕನೇ ಕ್ಲಾಸಿನವರ ಹಾಗೆ ನೋಡುತ್ತಾಳೆ. ಇಬ್ಬರಿಗೂ ಪಾರ್ಲಿಮೆಂಟಿಗೆ ಹೋಗಬೇಕಿತ್ತು.

ಮೊದಲ ಚರ್ಚೆ ಬಂದರಿನ ಮೀನು ಹರಾಜಿನ ಹಾಲ್‌ನಲ್ಲಿ ನಡೆಯಿತು. ಲೋಕಲ್ ಟಿವಿಯಲ್ಲಿ ಬಂತು. ನಾನು, ನನ್ನ ಮಗಳು ಇವಾಲು ಮನೆಯಲ್ಲಿ ಕೂತು ನೋಡಿದೆವು. ಹಳ್ಳಿ ಶಾಲೆಗಳ ಬಗ್ಗೆ ಲಿಸ್ಬೆಟ್ ಒಂದು ಯೋಜನೆ ಬರೆದಿದ್ದಳು. ಪ್ರೆಬೆನ್ ಅದರ ಹಾಳೆಗಳನ್ನು ಎರಡು ಬೆರಳಲ್ಲಿ, ಸತ್ತ ಇಲಿ ಎತ್ತುವ ಹಾಗೆ ಎತ್ತಿ ಹಿಡಿದ.

"ಓದಿದೆ. ಒಂದ್ಸಲ ಅಲ್ಲ, ಎರಡ್ಸಲ ಓದಿದೆ. ಗ್ರೀನ್‌ಲ್ಯಾಂಡಿನೋರ ಥರ ಕುಡಿದು ಕೂತು ಬರೆದಿದ್ದಾರೆ ಇದನ್ನ."

ಡ್ಯಾನಿಶ್ ಭಾಷೆಯಲ್ಲಿ ಇಷ್ಟು ಉದ್ದ ಹೇಳಬೇಕಾಗಿಲ್ಲ. ಒಂದೇ ಪದ ಸಾಕು. ನಮ್ಮ ಜನದ ಹೆಸರಿಗೆ ಒಂದು ಬಾಲ ಅಂಟಿಸಿದರೆ ಮೈಮೇಲೆ ಎಚ್ಚರವಿಲ್ಲದಷ್ಟು ಕುಡಿದವನು ಎಂದು ಅರ್ಥ. ಸಣ್ಣ ಮಕ್ಕಳಿಗೂ ಗೊತ್ತು. ಹಾಲ್ ನಕ್ಕಿತು. ಲಿಸ್ಬೆಟ್‌ಳ ಕುತ್ತಿಗೆ ಕೆಂಪಾಯಿತು.

"ಇಷ್ಟು ವರ್ಷದಲ್ಲಿ ನನಗೆ ಯಾರೂ ಇಂಥ ಅವಮಾನ ಮಾಡಿರ್ಲಿಲ್ಲ ಪ್ರೆಬೆನ್. ನಾನೇನು ಗ್ರೀನ್‌ಲ್ಯಾಂಡಿನವಳಾ? ಕ್ಷಮೆ ಕೇಳು."

"ತಪ್ಪಾಯ್ತು ಲಿಸ್ಬೆಟ್. ನೀನು ಅಂಥವಳಲ್ಲ ಅಂತ ನನಗೂ ಗೊತ್ತು."

ಚಪ್ಪಾಳೆ. ಚರ್ಚೆ ನಡೆಸುತ್ತಿದ್ದ ಹುಡುಗಿ, "ಇಬ್ಬರೂ ದೊಡ್ಡ ಮನಸ್ಸು ತೋರಿಸಿದ್ರಿ" ಎಂದಳು. ಇವಾಲು ಎದ್ದು ಟಿವಿ ಆರಿಸಿದಳು. ಅವಳ ಹನ್ನೊಂದು ತಿಂಗಳ ಮಗು ಬೇರೆ ಯಾರದೋ ಮನೆಯಲ್ಲಿ ಮಲಗಿತ್ತು. ಅದನ್ನು ಅಲ್ಲಿಗೆ ಕಳಿಸಿದ್ದು ಪ್ರೆಬೆನ್‌ನ ಕಮಿಟಿ.

ಆ ಕಥೆ ಇಷ್ಟು. ಇವಾಲು ವೃದ್ಧಾಶ್ರಮದ ಲಾಂಡ್ರಿಯಲ್ಲಿ ಕೆಲಸ ಮಾಡುತ್ತಾಳೆ. ಗಂಡ ಎನಿಸಿಕೊಂಡವನು ಬಸುರಿಯಾಗಿದ್ದಾಗಲೇ ಬಿಟ್ಟು ಹೋದ. ಅದನ್ನು ನೋಡಿ ಪುರಸಭೆ ಒಬ್ಬ ಮನಶ್ಶಾಸ್ತ್ರಜ್ಞನನ್ನು ಕಳಿಸಿತು, ಇವಳಿಗೆ ತಾಯಿಯಾಗುವ ಯೋಗ್ಯತೆ ಇದೆಯೇ ಎಂದು ಪರೀಕ್ಷೆ ಮಾಡಲಿಕ್ಕೆ. ಆತ ನಾಲ್ಕು ಸಲ ಬಂದ. ನಮ್ಮ ಸೋಫಾದ ಮೇಲೆ ಕೂತ. ನಮ್ಮ ಕಾಫಿ ಕುಡಿದ. ನಲವತ್ತೊಂದು ಪುಟ ಬರೆದ.

ಮಗುವಿಗೆ ನಾವು ಆಮಾಲಿಯಾ ಎಂದು ಹೆಸರಿಟ್ಟಿದ್ದೆವು. ಅದು ನನ್ನ ಅವ್ವನ ಹೆಸರು. ಅವ್ವ ತೀರಿಕೊಂಡ ಮೂರನೇ ತಿಂಗಳಿಗೆ ಈ ಕೂಸು ಹುಟ್ಟಿತು. ನಮ್ಮಲ್ಲಿ ಹೆಸರು ಬಂದರೆ ಮನುಷ್ಯರೇ ಬಂದ ಹಾಗೆ. ನಾನು ಮೊಮ್ಮಗಳನ್ನು ಅವ್ವ ಎನ್ನುತ್ತೇನೆ. ಇವಾಲು ಹೆತ್ತ ಮಗಳನ್ನು ಅಜ್ಜಿ ಎನ್ನುತ್ತಾಳೆ. "ಅಜ್ಜಿಗೆ ಹಸಿವಾಯ್ತಾ, ಅಜ್ಜಿ ಉಚ್ಚೆ ಹೊಯ್ಕೊಂಡ್ಲಾ" ಎಂದು ಅವಳು ಕೇಳಿದರೆ ನಮಗದು ಮುದ್ದು. ಆ ಮನುಷ್ಯ ಬರೆದದ್ದು ಬೇರೆ. "ಅಜ್ಜಿಯು ಮಗುವನ್ನು ತಾಯಿ ಎಂದು ಕರೆಯುತ್ತಾಳೆ. ತಾಯಿಯು ಮಗುವನ್ನು ಅಜ್ಜಿ ಎಂದು ಕರೆಯುತ್ತಾಳೆ. ಈ ಮನೆಯಲ್ಲಿ ಮಗು ಮಗುವಾಗಿ ಇರಲಾರದು. ತಾಯಿಗೆ ವಾಸ್ತವದ ಅರಿವು ಕಡಿಮೆ." ಯಾಕೆ ಹಾಗೆ ಕರೆಯುತ್ತೀರಿ ಎಂದು ಅವನು ಒಮ್ಮೆ ಕೇಳಿದ್ದರೆ ಒಂದು ನಿಮಿಷದಲ್ಲಿ ಹೇಳುತ್ತಿದ್ದೆವು. ನಾಲ್ಕನೇ ತಿಂಗಳಲ್ಲಿ ಇಬ್ಬರು ಹೆಂಗಸರು ಕಾರಿನಲ್ಲಿ ಬಂದರು. ಇವಾಲು ಎದೆಯಿಂದ ಮಗುವನ್ನು ಬಿಡಿಸಿಕೊಟ್ಟಳು. ಕಿರುಚಿದರೆ ಅದನ್ನೂ ಬರೆದುಕೊಳ್ಳುತ್ತಾರೆಂದು ಕಿರುಚಲಿಲ್ಲ. ಕಿರುಚಲಿಲ್ಲ ಎಂಬುದನ್ನೂ ಬರೆದುಕೊಂಡರು. ಈಗ ಹದಿನೈದು ದಿನಕ್ಕೊಮ್ಮೆ, ಎರಡು ಗಂಟೆ, ಪುರಸಭೆಯ ಕೋಣೆಯಲ್ಲಿ, ಒಬ್ಬಳು ಪೆನ್ನು ಹಿಡಿದು ಕೂತಿರುವಾಗ ನೋಡಬಹುದು.

ಚರ್ಚೆಯಾದ ಮರುದಿನವೇ ಜಗಳ ಬಣ್ಣ ಬದಲಿಸಿತು. ಆ ಪದ ಒಳ್ಳೆ ದೊಣ್ಣೆಯಾಗುತ್ತದೆಂದು ಲಿಸ್ಬೆಟ್‌ಳ ಕಡೆಯವರಿಗೆ ಹೊಳೆಯಿತು. ಅವಳು ರೇಡಿಯೋದಲ್ಲಿ, "ಪ್ರೆಬೆನ್ ಒಂದಿಡೀ ಜನಾಂಗಕ್ಕೆ ಅವಮಾನ ಮಾಡಿದ್ದಾನೆ" ಎಂದಳು. ಹಿಂದಿನ ಸಂಜೆ ಅವಮಾನ ಆದದ್ದು ಅವಳೊಬ್ಬಳಿಗೇ. ಪ್ರೆಬೆನ್ ಸುಮ್ಮನಿರುತ್ತಾನೆಯೇ? "ನಾನೇನು ಗ್ರೀನ್‌ಲ್ಯಾಂಡಿನವಳಾ ಅಂತ ಮೂಗು ಮುರಿದವರು ಯಾರು? ಗ್ರೀನ್‌ಲ್ಯಾಂಡಿನವರು ಅಂದ್ರೆ ಅಷ್ಟು ಅಸಹ್ಯವಾ?" ಎಂದ. ಇಬ್ಬರೂ ನಿಜವನ್ನೇ ಹೇಳಿದರು. ಇನ್ನೊಬ್ಬರ ಬಗ್ಗೆ ಮಾತ್ರ.

ಈಗ ಇಬ್ಬರಿಗೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಲು ಒಂದು ಗ್ರೀನ್‌ಲ್ಯಾಂಡ್ ಮುಖ ಬೇಕಾಯಿತು. ದುಡಿಯುವ ಮುಖ. ಕುಡಿಯದ ಮುಖ. ಜಾಸ್ತಿ ಮಾತಾಡದ ಮುಖ. ಊರಿನಲ್ಲಿ ನಾವು ಅರವತ್ತು ಜನ. ಹುಡುಕಾಟ ನನ್ನ ಹತ್ತಿರ ಬಂದು ನಿಂತಿತು.

ಮೊದಲು ಬಂದವಳು ಲಿಸ್ಬೆಟ್. ಊಟದ ಕೋಣೆಗೆ ದಾಲ್ಚಿನ್ನಿ ಬನ್ನಿನ ಡಬ್ಬ ಹಿಡಿದು ಬಂದಳು. ಮೀನಿನ ನಾತಕ್ಕೆ ಉಸಿರು ಹಿಡಿದುಕೊಂಡೇ ನಕ್ಕಳು.

"ತಬಿಟಾ, ನಿನ್ನ ನೋವು ನನಗೆ ಅರ್ಥ ಆಗುತ್ತೆ."

"ಯಾವ ನೋವು? ಭುಜದ್ದಾ?"

"ಪ್ರೆಬೆನ್ ಆಡಿದ ಮಾತಿಂದು."

"ಮತ್ತೆ ನೀನಾಡಿದ ಮಾತಿಂದು?"

ಯೂಟಾ ಬನ್ನು ಕಚ್ಚುತ್ತಿದ್ದವಳು ಅಷ್ಟಕ್ಕೇ ನಿಲ್ಲಿಸಿದಳು. ಲಿಸ್ಬೆಟ್ ಗಡಿಯಾರ ನೋಡಿಕೊಂಡಳು. ಆಮೇಲೆ ದನಿ ತಗ್ಗಿಸಿ, "ಮೊಮ್ಮಗಳ ವಿಷಯ ಕೇಳಿದೆ. ಪಾಪ" ಎಂದಳು.

"ಅದು ನನ್ನ ಮನೆ ವಿಷಯ. ನಿನ್ನ ಭಾಷಣಕ್ಕೆ ಎಳೀಬೇಡ."

"ಛೇ ಛೇ. ನನ್ನ ಬಾಯಿಂದ ಹೊರಗೆ ಬರಲ್ಲ" ಎಂದು ಎದೆಯ ಮೇಲೆ ಕೈಯಿಟ್ಟುಕೊಂಡು ಹೋದಳು. ಬನ್ನು ಚೆನ್ನಾಗಿತ್ತು ಎಂದು ಯೂಟಾ ಹೇಳಿದಳು. ನಾನು ತಿನ್ನಲಿಲ್ಲ.

ಎರಡು ದಿನ ಬಿಟ್ಟು ಪ್ರೆಬೆನ್ ಬಂದ. ಅವನು ಬನ್ನು ತರುವವನಲ್ಲ. ಮೇಸ್ತ್ರಿಯ ಗಾಜಿನ ಕೋಣೆಗೆ ನನ್ನನ್ನು ಕರೆಸಿದ. ಮೇಸ್ತ್ರಿಯನ್ನು ಹೊರಗೆ ಕಳಿಸಿದ. ಕೈಗವಸು ತೆಗೆದು ನಿಂತೆ. ನನ್ನ ಕೈಯಿಂದ ನೀರು ಅವನ ಬೂಟಿನ ಹತ್ತಿರ ತೊಟ್ಟಿಕ್ಕುತ್ತಿತ್ತು. ಅವನು ಕಾಲು ಹಿಂದಕ್ಕೆಳೆದುಕೊಂಡ.

"ನಿಮ್ಮ ಫೈಲು ಮುಂದಿನ ತಿಂಗಳು ಕಮಿಟಿಗೆ ಬರುತ್ತೆ ತಬಿಟಾ. ನಾನೇನೂ ಮಾತು ಕೊಡ್ತಿಲ್ಲ. ಕೊಡೋ ಹಾಗೂ ಇಲ್ಲ. ಆದ್ರೆ ಫೈಲು ಅಂದ್ರೇನು, ಕಾಗದ. ಮುಖಪರಿಚಯ ಇದ್ರೆ ಅದೇ ಕಾಗದ ಬೇರೆ ಥರ ಕಾಣುತ್ತೆ."

"ನಾನೇನು ಮಾಡ್ಬೇಕು?"

"ಏನಿಲ್ಲ. ಕೊನೇ ಚರ್ಚೆ ದಿನ ಮೊದಲನೇ ಸಾಲಲ್ಲಿ ಕೂತ್ಕೋ. ನಾನು ನಿನ್ನ ಹೆಸರು ಹೇಳ್ತೀನಿ. ಅದು ತಮಾಷೆ ಮಾತು, ನಿಮಗೇನೂ ಬೇಜಾರಿಲ್ಲ ಅಲ್ವಾ ಅಂತ ಕೇಳ್ತೀನಿ. ತಲೆ ಆಡಿಸಿದ್ರೆ ಸಾಕು. ನಿನಗೆ ಭಾಷೆ ಕಷ್ಟ ಅಂತ ಗೊತ್ತು, ಮಾತಾಡೋ ತೊಂದ್ರೆ ಕೊಡಲ್ಲ."

ಡ್ಯಾನಿಶ್ ನಾನು ಶಾಲೆಯಲ್ಲಿ ಕಲಿತಿದ್ದೇನೆ. ನಲವತ್ತು ವರ್ಷದಿಂದ ಆಡುತ್ತಿದ್ದೇನೆ. ಅವನ ಮಾತಿನೊಳಗೆ ಏನಿತ್ತೆಂದು ತಿಳಿಯುವಷ್ಟು ಚೆನ್ನಾಗಿಯೇ ಬರುತ್ತದೆ.

ಒಪ್ಪಿಕೊಂಡೆ. ಹೌದು, ಒಪ್ಪಿಕೊಂಡೆ. ಯಾರಾದರೂ ನನ್ನನ್ನು ಹಂಗಿಸುವುದಿದ್ದರೆ, ಮೊದಲು ತಮ್ಮ ಕೂಸನ್ನು ಕಾರಿನಲ್ಲಿ ಕಳಿಸಿಕೊಟ್ಟು ಬಂದು ಹಂಗಿಸಲಿ.

"ತಲೆ ತಾನೇ ಆಡ್ಸೋದು ಅಮ್ಮ. ಆಡ್ಸಿಬಿಡು" ಎಂದಳು ಇವಾಲು. ಮಗುವಿನ ಉಣ್ಣೆಯ ಕಾಲುಚೀಲ ಹೆಣೆಯುತ್ತಿದ್ದಳು. ತಲೆ ಎತ್ತಲಿಲ್ಲ.

ಕೊನೇ ಚರ್ಚೆಯ ಸಂಜೆ ಏಳಕ್ಕೆ ಹರಾಜಿನ ಹಾಲ್ ತುಂಬಿತ್ತು. ಮೀನಿನ ಪೆಟ್ಟಿಗೆಗಳನ್ನು ಹಿಂದಕ್ಕೆ ಸರಿಸಿ, ಕಾಂಕ್ರೀಟಿನ ಮೇಲೆ ನೀಲಿ ಜಮಖಾನ ಹಾಸಿದ್ದರು. ನನ್ನ ಕುರ್ಚಿಯ ಮೇಲೆ ಚೀಟಿ ಇತ್ತು. ನನ್ನ ಹೆಸರಿರಲಿಲ್ಲ. "ಪ್ರೆಬೆನ್‌ನ ಅತಿಥಿ" ಎಂದಿತ್ತು. ಭಾನುವಾರದ ಅಂಗಿ ಹಾಕಿದ್ದೆ. ಕೈಯನ್ನು ನಿಂಬೆಹಣ್ಣಿನಲ್ಲಿ ಎರಡು ಸಲ ತೊಳೆದಿದ್ದೆ. ಇವಾಲು ಬಾಗಿಲ ಹತ್ತಿರ ನಿಂತಿದ್ದಳು.

ಅರ್ಧ ಗಂಟೆ ಅವರು ಒಬ್ಬರ ಮೇಲೊಬ್ಬರು ಉಗಿದುಕೊಂಡರು. ಉಗಿಯುವ ರೀತಿ ಕಲಿತವರದು. ಲಿಸ್ಬೆಟ್, "ಪ್ರೆಬೆನ್ ಸುಳ್ಳ ಅಂತ ನಾನು ಹೇಳ್ತಿಲ್ಲ" ಎಂದಳು. ಪ್ರೆಬೆನ್, "ಲಿಸ್ಬೆಟ್ ಸುಸ್ತಾಗಿದ್ದಾಳೆ, ಪಾಪ, ಈ ವಯಸ್ಸಲ್ಲಿ ಸಹಜ" ಎಂದ. ಶಾಲೆಗಳ ಬಗ್ಗೆ ಒಂದು ಮಾತು ಬರಲಿಲ್ಲ. ಕೊನೆಗೆ ಅವನು ನನ್ನ ಕಡೆ ಕೈ ಚಾಚಿದ.

"ಇಲ್ಲಿ ನನ್ನ ಸ್ನೇಹಿತೆ ತಬಿಟಾ ಇದ್ದಾಳೆ. ಗ್ರೀನ್‌ಲ್ಯಾಂಡಿನವಳು. ಇಪ್ಪತ್ತೆರಡು ವರ್ಷದಿಂದ ಮೀನು ಸೀಳ್ತಾಳೆ. ಒಂದು ತೊಟ್ಟು ಕುಡಿಯಲ್ಲ. ನಾನು ಆಡಿದ್ದು ತಮಾಷೆ ಮಾತು, ನಿಮಗೇನೂ ಬೇಜಾರಿಲ್ಲ, ಅಲ್ವಾ ತಬಿಟಾ?"

ಕ್ಯಾಮೆರಾ ತಿರುಗಿತು. ತಲೆ ಆಡಿಸಲೆಂದೇ ಬಂದಿದ್ದೆ. ಕತ್ತು ಅಲುಗಲಿಲ್ಲ. ಮೂಗು ತಾನಾಗಿ ಸುಕ್ಕುಗಟ್ಟಿ ಮೇಲೇರಿತು. ನಮ್ಮಲ್ಲಿ ಅದಕ್ಕೆ ಇಲ್ಲ, ಒಪ್ಪುವುದಿಲ್ಲ ಎಂದು ಅರ್ಥ. ಹಸುಗೂಸಿಗೂ ತಿಳಿಯುತ್ತದೆ.

"ನೋಡಿ, ನಗ್ತಿದ್ದಾಳೆ! ನಾಚಿಕೆ ಸ್ವಭಾವ" ಎಂದ ಪ್ರೆಬೆನ್. ಹಾಲ್ ಕೂಡ ನಕ್ಕಿತು.

ಲಿಸ್ಬೆಟ್ ಕಾದೇ ಕೂತಿದ್ದಳು. "ನಿನ್ನ ಸ್ನೇಹಿತೆ ಅಂದೆಯಲ್ಲ ಪ್ರೆಬೆನ್. ಈ ಹೆಂಗಸಿನ ಮೊಮ್ಮಗಳನ್ನ ತಾಯಿಯಿಂದ ಕಿತ್ತುಕೊಂಡಿದ್ದು ನಿನ್ನ ಕಮಿಟಿನೇ ಅಂತ ಜನಕ್ಕೆ ಯಾಕೆ ಹೇಳ್ಲಿಲ್ಲ?"

ಹಾಲ್ ಹಾ ಎಂದಿತು. ಲಿಸ್ಬೆಟ್ ನನ್ನತ್ತ ನೋಡಲೂ ಇಲ್ಲ. ಏಟು ಬಿದ್ದಿತೇ ಎಂದು ಪ್ರೆಬೆನ್‌ನ ಮುಖ ನೋಡುತ್ತಿದ್ದಳು. ಬಾಗಿಲ ಹತ್ತಿರವಿದ್ದವರೆಲ್ಲ ಇವಾಲುವಿನ ಕಡೆ ತಿರುಗಿದರು.

ಪ್ರೆಬೆನ್ ಗಾಬರಿಯಾಗಲಿಲ್ಲ. ಕಣ್ಣು ಕೆಳಗೆ ಹಾಕಿದ. ದುಃಖದ ಮುಖ ಮಾಡಿದ. "ನನ್ನ ಬಾಯಿ ಕಟ್ಟಿದೆ. ಗೋಪ್ಯ ವಿಷಯ. ಫೈಲಲ್ಲಿ ಏನೇನಿದೆ ಅಂತ ನಾನು ಹೇಳೋ ಹಾಗಿಲ್ಲ. ಒಂದು ಮಾತು ಮಾತ್ರ ಹೇಳ್ತೀನಿ. ಸುಮ್‌ಸುಮ್ನೆ ಯಾರೂ ಮಗೂನ ತಗೊಂಡು ಹೋಗಲ್ಲ. ಎಂಥೆಂಥ ಮನೆಗಳಿರ್ತವೆ ಅಂತ ನಿಮಗೂ ಗೊತ್ತು."

ಇಷ್ಟೇ ಹೇಳಿದ. ಉಳಿದದ್ದನ್ನು ಹಾಲ್ ತುಂಬಿಕೊಂಡಿತು. ಹೂಂ ಎಂದು ತಲೆಗಳು ಆಡಿದವು. ಹಿಂದಿನ ಸಾಲಿನಿಂದ ಯಾರೋ ಆ ಪದ ಅಂದರು. ಮೆಲ್ಲಗೆ, ಆದರೆ ಕೇಳಲಿ ಎಂದೇ ಅಂದರು. ಮೊದಲು ಲಿಸ್ಬೆಟ್‌ಗೆ ಬೈದ ಪದ ಈಗ ತಿರುಗಿ ನಮ್ಮ ಮನೆಗೇ, ನನ್ನ ಮಗಳ ಮೈಮೇಲೆ, ಬಂದು ಕೂತಿತು.

ಎದ್ದೆ. ಪ್ರಶ್ನೆಗಳಿಗೆಂದು ನಿಲ್ಲಿಸಿದ್ದ ಮೈಕಿನ ಹತ್ತಿರ ಹೋದೆ.

"ಪ್ರೇಕ್ಷಕರ ಪ್ರಶ್ನೆಗೆ ಆಮೇಲೆ ಟೈಮ್ ಇದೆ" ಎಂದಳು ಚರ್ಚೆ ನಡೆಸುತ್ತಿದ್ದ ಹುಡುಗಿ.

"ಪ್ರಶ್ನೆ ಇಲ್ಲ ನನ್ನ ಹತ್ರ. ಇವನ ಬಾಯಿ ಕಟ್ಟಿದೆಯಂತೆ. ನನ್ನ ಬಾಯಿ ಕಟ್ಟಿಲ್ಲ. ಆ ಫೈಲಲ್ಲಿ ನಲವತ್ತೊಂದು ಪುಟ ಇದೆ. ಏನಿದೆ ನಾನು ಹೇಳ್ತೀನಿ ಕೇಳಿ. ಮೊಮ್ಮಗಳಿಗೆ ನನ್ನ ಸತ್ತ ಅವ್ವನ ಹೆಸರಿಟ್ವಿ. ಅದಕ್ಕೆ ಅವಳನ್ನ ಅವ್ವ ಅಂತೀನಿ. ಇದು ಅಪರಾಧ ನಂಬರ್ ಒಂದು. ನನ್ನ ಮಗಳು ಅವಳನ್ನ ಅಜ್ಜಿ ಅಂತಾಳೆ. ಅಪರಾಧ ನಂಬರ್ ಎರಡು. ಅಡುಗೆಮನೆ ಚೊಕ್ಕಟವಾಗಿದೆ ಅಂತಾನೂ ಬರ್ದಿದ್ದಾರೆ, ಆದ್ರೆ ನಾವು ತಿನ್ನೋ ಸೀಲ್ ಮಾಂಸದ ವಾಸನೆ ಇತ್ತಂತೆ. ಅಪರಾಧ ಮೂರು. ಪ್ರೆಬೆನ್, ನಿನ್ನ ಕೇಳ್ತೀನಿ. ಕುಡಿತ ಅನ್ನೋ ಪದ ಅದರಲ್ಲಿ ಎಲ್ಲಾದ್ರೂ ಇದೆಯಾ? ಇದೆ ಅನ್ನು, ಇಲ್ಲ ಅನ್ನು."

"ತಬಿಟಾ, ಗೋಪ್ಯತೆ ಇರೋದು ನಿನ್ನ ಒಳ್ಳೇದಕ್ಕೇ."

"ನನಗೆ ಬೇಡ ಆ ಒಳ್ಳೇದು. ನನ್ನ ಮಗಳು ಅಲ್ಲಿ ಬಾಗಿಲಲ್ಲಿ ನಿಂತಿದ್ದಾಳೆ. ಅವಳ ಮುಖ ನೋಡಿ ಹೇಳು. ಇದೆಯಾ, ಇಲ್ವಾ?"

ಅವನು ಲೋಟ ಎತ್ತಿ ನೀರು ಕುಡಿದ. ಲಿಸ್ಬೆಟ್ ಬಾಯಿ ತೆರೆದಳು.

"ನೀನು ಸುಮ್ನಿರು ಲಿಸ್ಬೆಟ್. ಎದೆ ಮೇಲೆ ಕೈಯಿಟ್ಟು ಹೋಗಿದ್ದೆ. ಇವನಿಗೆ ಹೊಡೆಯೋಕೆ ಕಲ್ಲು ಸಿಗ್ಲಿಲ್ಲ ಅಂತ ನನ್ನ ಮಗಳನ್ನೇ ಎತ್ತಿ ಎಸೆದೆ. ಅವತ್ತು ಇವನು ಬೈದಿದ್ದು ನಮಗೆ. ಕ್ಷಮೆ ತಗೊಂಡಿದ್ದು ನೀನು. ವಾಪಸ್ ಕೊಡು. ಅದೂ ಬೇಡ, ನೀನೇ ಇಟ್ಕೋ. ನಿಮ್ಮ ಬಾಯಿಂದ ಉದುರಿದ್ದು ನಮಗ್ಯಾಕೆ? ಪ್ರತಿ ಶುಕ್ರವಾರ ಮಧ್ಯಾಹ್ನ ಈ ಬಂದರಲ್ಲಿ ಬೀರ್ ಪೆಟ್ಟಿಗೆ ಖಾಲಿ ಮಾಡಿ ಗೋಡೆಗೆ ಉಚ್ಚೆ ಹೊಯ್ಯೋರು ಯಾರು? ಆ ಬಾಟ್ಲಿ ಹೆಕ್ಕಿದೋಳು ನಾನು. ನಿಮ್ಮ ಹೆಸರಿಗೊಂದು ಬಾಲ ಅಂಟಿಸಿ ನಾವು ಪದ ಮಾಡ್ಲಿಲ್ಲ."

ಮೈಕು ಆಫ್ ಮಾಡಿದರು. ಯಂತ್ರದ ಸದ್ದಿನ ಮೇಲೆ ಇಪ್ಪತ್ತೆರಡು ವರ್ಷ ಕೂಗಿ ಮಾತಾಡಿದವಳಿಗೆ ಮೈಕು ಯಾಕೆ ಬೇಕು?

"ಕೇಳಿದೆಯಲ್ಲ ಪ್ರೆಬೆನ್, ಬೇಜಾರಿಲ್ಲ ಅಲ್ವಾ ಅಂತ. ಬೇಜಾರಿಲ್ಲ. ಹೇಸಿಗೆ."

ಇವಾಲು ಆಗಲೇ ಹೊರಟುಹೋಗಿದ್ದಳು. ಮನೆಗೆ ಬಂದರೆ ಒಂದೇ ಮಾತು ಕೇಳಿದಳು. "ತಲೆ ಆಡ್ಸೋಕೆ ಏನಾಗಿತ್ತಮ್ಮ ನಿನಗೆ?" ಹತ್ತು ದಿನ ಅವಳು ನನ್ನ ಜೊತೆ ಮಾತಾಡಲಿಲ್ಲ.

ಟಿವಿಯಲ್ಲಿ ಪಂಡಿತರು ಕೂತು ಅಂಕ ಕೊಟ್ಟರು. ಒತ್ತಡದಲ್ಲೂ ಸಮಾಧಾನ ಕಳೆದುಕೊಳ್ಳದ್ದಕ್ಕೆ ಪ್ರೆಬೆನ್‌ಗೆ ನಾಲ್ಕು ನಕ್ಷತ್ರ. ಎದುರಾಳಿಯ ದೌರ್ಬಲ್ಯ ಹಿಡಿದದ್ದಕ್ಕೆ ಲಿಸ್ಬೆಟ್‌ಗೂ ನಾಲ್ಕು. ನಾನು ಒಂದು ಸಾಲಿನಲ್ಲಿ ಬಂದೆ. "ಭಾವೋದ್ವೇಗಕ್ಕೆ ಒಳಗಾದ ಮಹಿಳೆಯೊಬ್ಬರಿಂದ ಚರ್ಚೆಗೆ ಅಡ್ಡಿ." ಅದರ ಕೆಳಗೆ ಜನ ಬರೆದದ್ದನ್ನು ಯೂಟಾ ತೋರಿಸಿದಳು. ಕುಡಿದಿದ್ದಳೇ ಎಂದು ನೂರಾರು ಮಂದಿ ಕೇಳಿದ್ದರು. ಮತ ಎಣಿಸಿದಾಗ ಇಬ್ಬರೂ ಗೆದ್ದಿದ್ದರು. ಇಲ್ಲಿ ಒಂದೇ ಕ್ಷೇತ್ರದಿಂದ ಹಲವರು ಆಯ್ಕೆಯಾಗುತ್ತಾರೆ, ಹಾಗೂ ಆಗುತ್ತದೆ. ಪಾರ್ಲಿಮೆಂಟಿನ ಮೆಟ್ಟಿಲ ಮೇಲೆ ಅಕ್ಕಪಕ್ಕ ನಿಂತು ನಗುತ್ತಿದ್ದ ಫೋಟೋ ಬಂತು.

ಕಮಿಟಿ ಸೇರುವ ಎರಡು ದಿನ ಮುಂಚೆ ಪುರಸಭೆಯಿಂದ ನಮ್ಮಿಬ್ಬರಿಗೂ ಕರೆ ಬಂತು. ಫೈಲು ನೋಡಿಕೊಳ್ಳುವವಳು ಹೆನ್ರಿಯೆಟ್ ಎಂಬ ಹೆಂಗಸು. ಕೆಟ್ಟವಳೆಂದು ಹೇಳಲಾರೆ. ಕಾಫಿ ಕೊಟ್ಟಳು. ಫೈಲಿಗೆ ಹೊಸದಾಗಿ ಒಂದು ಹಾಳೆ ಸೇರಿತ್ತು. ನಲವತ್ತೆರಡನೇ ಪುಟ. "ಅಜ್ಜಿಯ ಸಾರ್ವಜನಿಕ ವರ್ತನೆ" ಎಂದು ತಲೆಬರಹ.

"ಇವಾಲು, ನಿನಗೆ ಸಹಾಯ ಆಗ್ಲಿ ಅಂತ ಹೇಳ್ತಿದ್ದೀನಿ" ಎಂದಳು ಹೆನ್ರಿಯೆಟ್. "ಇಲ್ಲಿ ಒಂದು ಸಾಲಿದೆ. ಆ ಸಂಜೆ ಅಮ್ಮ ಆಡಿದ್ದನ್ನ ನಾನು ಒಪ್ಪಲ್ಲ, ಅದಕ್ಕೂ ನನಗೂ ಸಂಬಂಧ ಇಲ್ಲ ಅಂತ. ಕೆಳಗೆ ಸಹಿ ಹಾಕು. ಕಮಿಟಿಗೆ ಒಳ್ಳೆ ಅಭಿಪ್ರಾಯ ಬರುತ್ತೆ."

ನಾನು ನಮ್ಮ ಭಾಷೆಯಲ್ಲಿ ಅವಳಿಗೆ ಹೇಳಿದೆ. "ಹಾಕು ಮಗಳೇ. ನನಗೇನೂ ಆಗಲ್ಲ. ಕೂಸು ಬಂದ್ರೆ ಸಾಕು." ಮನಸಾರೆ ಹೇಳಿದೆ. ಹಾಲ್‌ನಲ್ಲಿ ಆಡಿದ ಅಷ್ಟೂ ಮಾತನ್ನು ಆ ಗಳಿಗೆಯಲ್ಲಿ ನುಂಗಿಬಿಡುತ್ತಿದ್ದೆ.

ಇವಾಲು ಪೆನ್ನು ತೆಗೆದುಕೊಂಡಳು. ಹಾಳೆಯನ್ನು ಮೇಲಿನಿಂದ ಕೆಳಗೆ ನಿಧಾನವಾಗಿ ಓದಿದಳು. ಪೆನ್ನಿನ ಮುಚ್ಚಳ ಹಾಕಿದಳು.

"ಅಮ್ಮ ಹೇಳಿದ್ದರಲ್ಲಿ ಸುಳ್ಳು ಯಾವುದು?"

"ಸುಳ್ಳು ಅಂತಲ್ಲ ಇವಾಲು..."

"ಹಾಗಾದ್ರೆ ನಿಜ ಅಂತ ಬರಿ. ಅಮ್ಮ ಹೇಳಿದ್ದೆಲ್ಲ ನಿಜ ಅಂತ ಬರಿ. ಈಗಲೇ ಸಹಿ ಹಾಕ್ತೀನಿ."

ಹೆನ್ರಿಯೆಟ್ ಹಾಳೆಯನ್ನು ಆ ಕಡೆ ಈ ಕಡೆ ತಿರುಗಿಸಿ ನೋಡಿದಳು. "ಈ ಫಾರಮ್ಮಲ್ಲಿ ಅದಕ್ಕೆ ಜಾಗ ಇಲ್ಲ."

"ಜಾಗ ಇರೋ ಫಾರಂ ತಗೊಂಡು ಬಾ."

"ಅಂಥದ್ದು ನಮ್ಮ ಹತ್ರ ಇಲ್ಲ. ಮಾಡಿಸ್ಬೇಕಾಗುತ್ತೆ."

"ಮಾಡ್ಸು. ಕೂತಿರ್ತೀವಿ."

ಹೆನ್ರಿಯೆಟ್ ಎದ್ದು ಹೊರಗೆ ಹೋದಳು. ಸ್ವಲ್ಪ ಹೊತ್ತಿಗೆ ಬೇರೊಬ್ಬ ಗಂಡಸು ಬಂದು, ಮೂರು ಗಂಟೆಗೆ ಕಚೇರಿ ಮುಚ್ಚುತ್ತದೆ ಎಂದ. ಇವಾಲು ತನ್ನ ಕುರ್ಚಿಯನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. ನಾನೂ ಎಳೆದುಕೊಂಡೆ.